ಅತ್ತೆ ಮೇಲಿನ ಕೋಪ ಡ್ರಮ್ಮರ್ ಮೇಲೆ: ಫೂ ಫೈಟರ್ಸ್‌ನ ಎರಡನೇ ಆಲ್ಬಮ್ ಹುಟ್ಟಿದ ಕಥೆ

ಮದುವೆ ಮುರಿದವನ ಕೈಗೆ ಗಿಟಾರ್ ಸಿಕ್ಕರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಒಂದು ಆಲ್ಬಮ್ ಬರುತ್ತೆ. ಅರ್ಧ ಹಾಡುಗಳಲ್ಲಿ ಅಳು, ಇನ್ನರ್ಧದಲ್ಲಿ ಬೈಗುಳ. ರಾಕ್ ಸಂಗೀತದಲ್ಲಿ ಇಂಥ ಆಲ್ಬಮ್‌ಗಳಿಗೆ ಬರವೇ ಇಲ್ಲ, ಹುಡುಕಿದರೆ ಬುಟ್ಟಿಗಟ್ಟಲೆ ಸಿಗುತ್ತವೆ.

ಅಮೆರಿಕದ ಫೂ ಫೈಟರ್ಸ್ ತಂಡದ 'ದಿ ಕಲರ್ ಅಂಡ್ ದಿ ಶೇಪ್' ಕೂಡ ಆ ಬುಟ್ಟಿಯದ್ದೇ. 1997ರ ಮೇ 20ಕ್ಕೆ ಬಂತು. 13 ಹಾಡು, ಸುಮಾರು 47 ನಿಮಿಷ. ಹಾರ್ಡ್ ರಾಕ್ ಅನ್ನಿ, ಪೋಸ್ಟ್-ಗ್ರಂಜ್ ಅನ್ನಿ, ಜೋರು ಸಂಗೀತ. ತಂಡದ ಯಜಮಾನ ಡೇವ್ ಗ್ರೋಲ್‌ನ ಮೊದಲ ಮದುವೆ ಮುರಿದು ಬೀಳುತ್ತಿದ್ದ ದಿನಗಳಲ್ಲೇ ಇದರ ರೆಕಾರ್ಡಿಂಗ್ ನಡೆದಿತ್ತು. ಆದರೆ ನಾನು ಇದನ್ನು ಎಷ್ಟು ಸಲ ಕೇಳಿದರೂ ಒಂದು ವಿಷಯ ವಿಚಿತ್ರ ಅನಿಸುತ್ತದೆ. ಇದರಲ್ಲಿ ಹೆಂಡತಿಗೆ ಬೈಗುಳ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಹಿ ಮಾತ್ರ ಬೇಕಾದಷ್ಟಿದೆ. ಹಾಗಾದರೆ ಆ ಕಹಿಯೆಲ್ಲ ಹೋಗಿ ಬಿದ್ದದ್ದು ಎಲ್ಲಿ?

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ಗಾದೆ ಇದೆಯಲ್ಲ. ಇಲ್ಲಿ ಕೊತ್ತಿಯ ಜಾಗದಲ್ಲಿ ಸಿಕ್ಕಿಬಿದ್ದವನು ತಂಡದ ಡ್ರಮ್ಮರ್, ವಿಲಿಯಂ ಗೋಲ್ಡ್‌ಸ್ಮಿತ್. ಇದು ನನ್ನ ಲೆಕ್ಕಾಚಾರ, ಗ್ರೋಲ್ ಹಾಗೆ ಎಲ್ಲೂ ಹೇಳಿಕೊಂಡಿಲ್ಲ. ಆದರೆ ನಡೆದದ್ದನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ನಿಮಗೂ ಹಾಗೇ ಅನಿಸಬಹುದು.

ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಗ್ರೋಲ್ 1990ರಿಂದ ನಿರ್ವಾಣ ತಂಡದ ಡ್ರಮ್ಮರ್. 1994ರ ಏಪ್ರಿಲ್‌ನಲ್ಲಿ ಆ ತಂಡದ ಗಾಯಕ ಕರ್ಟ್ ಕೊಬೈನ್ ಸತ್ತ. ತಂಡ ಅಲ್ಲಿಗೆ ಮುಗಿಯಿತು. ಕೆಲವು ತಿಂಗಳು ಗ್ರೋಲ್‌ಗೆ ಸಂಗೀತವೇ ಬೇಡ ಅನಿಸಿತ್ತಂತೆ, ರೇಡಿಯೋ ಹಾಕಲೂ ಮನಸ್ಸಿರಲಿಲ್ಲ. ಆಮೇಲೆ ಅದೇ ಅಕ್ಟೋಬರ್‌ನಲ್ಲಿ ಸಿಯಾಟಲ್‌ನ ರಾಬರ್ಟ್ ಲ್ಯಾಂಗ್ ಸ್ಟುಡಿಯೋವನ್ನು ಒಂದು ವಾರದ ಮಟ್ಟಿಗೆ ಹಿಡಿದು ಒಬ್ಬನೇ ಹೋಗಿ ಕೂತ. ಮೊದಲು ಡ್ರಮ್ಸ್ ಬಾರಿಸುವುದು, ಅದರ ಮೇಲೆ ಗಿಟಾರ್, ಅದರ ಮೇಲೆ ಬೇಸ್, ಕೊನೆಗೆ ಹಾಡುವುದು. ಒಂದೇ ಒಂದು ಹಾಡಿನಲ್ಲಿ ಗೆಳೆಯನೊಬ್ಬ ಸ್ವಲ್ಪ ಗಿಟಾರ್ ನುಡಿಸಿದ್ದು ಬಿಟ್ಟರೆ ಇಡೀ ಆಲ್ಬಮ್ ಇವನೊಬ್ಬನದ್ದೇ. ಹೆಸರು ಹಾಕಿಕೊಳ್ಳಲು ಮನಸ್ಸಾಗಲಿಲ್ಲ, 'ಫೂ ಫೈಟರ್ಸ್' ಅಂತ ಬಹುವಚನದ ಹೆಸರು ಇಟ್ಟ. ಎರಡನೇ ಮಹಾಯುದ್ಧದಲ್ಲಿ ವಿಮಾನದವರಿಗೆ ಆಕಾಶದಲ್ಲಿ ಕಾಣುತ್ತಿದ್ದ ಗುರುತು ಸಿಗದ ಬೆಳಕುಗಳಿಗೆ ಇದ್ದ ಹೆಸರು ಅದು. ಕೇಳಿದವರು ಇದು ಒಂದು ತಂಡ ಅಂದುಕೊಳ್ಳಲಿ ಅಂತ. 1995ರ ಜುಲೈ 4ಕ್ಕೆ ಆಲ್ಬಮ್ ಹೊರಬಂತು.

ಈಗ ಒಂದು ತಾಪತ್ರಯ. ಸ್ಟುಡಿಯೋದಲ್ಲಿ ಒಬ್ಬನೇ ನಾಲ್ಕು ಜನ ಆಗಬಹುದು, ವೇದಿಕೆ ಮೇಲೆ ಆಗುವುದಿಲ್ಲವಲ್ಲ. ಜನ ಬೇಕು. ಸಿಯಾಟಲ್‌ನಲ್ಲೇ ಸನ್ನಿ ಡೇ ರಿಯಲ್ ಎಸ್ಟೇಟ್ ಅಂತ ಒಂದು ತಂಡ ಆಗ ತಾನೇ ಒಡೆಯುತ್ತಿತ್ತು. ಅಲ್ಲಿಂದ ಬೇಸ್ ನುಡಿಸುವ ನೇಟ್ ಮೆಂಡೆಲ್ ಮತ್ತು ಡ್ರಮ್ಮರ್ ಗೋಲ್ಡ್‌ಸ್ಮಿತ್ ಬಂದರು. ನಿರ್ವಾಣದ ಕೊನೆಯ ದಿನಗಳಲ್ಲಿ ಜೊತೆಗಿದ್ದ ಪ್ಯಾಟ್ ಸ್ಮಿಯರ್ ಗಿಟಾರ್ ಹಿಡಿದ. ಗ್ರೋಲ್ ಡ್ರಮ್ಸ್ ಬಿಟ್ಟು ಎದ್ದು ಮೈಕ್ ಮುಂದೆ ಬಂದು ನಿಂತ.

ಗೋಲ್ಡ್‌ಸ್ಮಿತ್‌ನ ಪರಿಸ್ಥಿತಿ ಒಂದು ಕ್ಷಣ ಯೋಚಿಸಿ. ಇಪ್ಪತ್ತರ ಆಸುಪಾಸಿನ ಹುಡುಗ. ಅವನ ಮುಂದೆ ನಿಂತು ಹಾಡುತ್ತಿರುವವನು ಆ ಕಾಲದ ಅತಿ ಹೆಸರುವಾಸಿ ರಾಕ್ ಡ್ರಮ್ಮರ್‌ಗಳಲ್ಲಿ ಒಬ್ಬ. ಕಿರ್ಮಾನಿ ಕ್ಯಾಪ್ಟನ್ ಆಗಿರುವ ತಂಡದಲ್ಲಿ ನಿಮ್ಮನ್ನು ವಿಕೆಟ್ ಕೀಪಿಂಗ್‌ಗೆ ನಿಲ್ಲಿಸಿದ ಹಾಗೆ. ಕ್ಯಾಚ್ ಹಿಡಿದರೆ ಯಾರೂ ಏನೂ ಹೇಳುವುದಿಲ್ಲ, ಬಿಟ್ಟರೆ ಎಲ್ಲರೂ ಸ್ಲಿಪ್‌ನಲ್ಲಿ ನಿಂತ ಕ್ಯಾಪ್ಟನ್ ಮುಖ ನೋಡುತ್ತಾರೆ.

ವೇದಿಕೆ ಮೇಲೆ ಇದೆಲ್ಲ ನಡೆದುಹೋಯಿತು. 1995 ಮತ್ತು 96ರಲ್ಲಿ ತಂಡ ಊರೂರು ಸುತ್ತಿತು. ಜನ ಕುಣಿಯುತ್ತಿದ್ದರು, ಒಂದು ಏಟು ಹಿಂದೆ ಮುಂದೆ ಆದರೆ ಗಮನಿಸುವವರು ಯಾರು? ಸ್ಟುಡಿಯೋ ಹಾಗಲ್ಲ.

ಸ್ಟುಡಿಯೋಗೆ ಗ್ರೋಲ್ ಕರೆಸಿದ್ದು ಗಿಲ್ ನಾರ್ಟನ್ ಅನ್ನುವ ಇಂಗ್ಲೆಂಡಿನ ಪ್ರೊಡ್ಯೂಸರ್‌ನನ್ನು. ಪಿಕ್ಸೀಸ್ ತಂಡದ 1989ರ 'ಡೂಲಿಟಲ್' ಮಾಡಿದವನು. ಪಿಸುಮಾತಿನಲ್ಲಿ ಶುರುವಾಗಿ ಸಿಡಿದು ಮತ್ತೆ ತಣ್ಣಗಾಗುವ ಪಿಕ್ಸೀಸ್ ಶೈಲಿ ಗ್ರೋಲ್‌ಗೆ ಪ್ರಾಣ. ಆದರೆ ನಾರ್ಟನ್ ಕಟ್ಟುನಿಟ್ಟಿನ ಮೇಷ್ಟ್ರು. ರೆಕಾರ್ಡಿಂಗ್ ಶುರುವಾಗುವ ಮುಂಚೆಯೇ ಎಲ್ಲರನ್ನೂ ಕೂರಿಸಿ ಒಂದೊಂದು ಹಾಡನ್ನೂ ಬಿಚ್ಚಿ ಹರಡಿ ಮತ್ತೆ ಜೋಡಿಸಿದ. ಈ ಸಾಲು ಯಾಕೆ ಇಲ್ಲಿದೆ, ಈ ತಿರುವು ಬೇಕಾ, ಇದನ್ನು ತೆಗೆದರೆ ಏನಾಗುತ್ತೆ. ನಂತರ 1996ರ ನವೆಂಬರ್‌ನಲ್ಲಿ ಸಿಯಾಟಲ್ ಹತ್ತಿರದ ವುಡಿನ್‌ವಿಲ್‌ನಲ್ಲಿರುವ ಬೇರ್ ಕ್ರೀಕ್ ಸ್ಟುಡಿಯೋಗೆ ಹೋದರು. ಊರ ಹೊರಗೆ, ಮರಗಳ ಮಧ್ಯೆ ಇರುವ ಜಾಗ.

ಮನೆಯಲ್ಲಿ ಗ್ರೋಲ್‌ನ ಸಂಸಾರ ಅಷ್ಟೊತ್ತಿಗೆ ಎಕ್ಕುಟ್ಟಿ ಹೋಗಿತ್ತು. ಗಂಡ ಹೆಂಡತಿ ಬೇರೆಯಾದರು, ಮರುವರ್ಷ ವಿಚ್ಛೇದನವೂ ಆಯಿತು. ಆಗಿನ ದಿನಗಳ ಬಗ್ಗೆ ಅವನು ಹೇಳಿಕೊಂಡಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಚಿತ್ರ: ಗೆಳೆಯನ ಮನೆಯ ನೆಲದ ಮೇಲೆ ಸ್ಲೀಪಿಂಗ್ ಬ್ಯಾಗ್ ಹಾಸಿಕೊಂಡು ಮಲಗುತ್ತಿದ್ದ. ಜಗತ್ತಿನಾದ್ಯಂತ ಲಕ್ಷಗಟ್ಟಲೆ ಆಲ್ಬಮ್ ಮಾರಿದ ತಂಡದ ಮನುಷ್ಯ, ಇರಲು ಒಂದು ಮನೆ ಇಲ್ಲ.

ಬೇರ್ ಕ್ರೀಕ್‌ನಲ್ಲಿ ಕೆಲಸ ಸಾಗಲಿಲ್ಲ. ಸಾಗಲಿಲ್ಲ ಅನ್ನುವುದಕ್ಕಿಂತ, ಒಂದೇ ಜಾಗದಲ್ಲಿ ಸುತ್ತುತ್ತಿತ್ತು. ಒಂದು ಹಾಡಿಗೆ ತನ್ನಿಂದ 96 ಸಲ ಡ್ರಮ್ಸ್ ಬಾರಿಸಿದರು, ಇನ್ನೊಂದಕ್ಕೆ 13 ಗಂಟೆ ಕೂರಿಸಿದರು ಅಂತ ಗೋಲ್ಡ್‌ಸ್ಮಿತ್ ಆಮೇಲೆ ಹೇಳಿದ್ದಾನೆ. ಹತ್ತನೇ ಸಲ ಕೈ ಚೆನ್ನಾಗಿ ಕೂತಿರುತ್ತೆ. ಇಪ್ಪತ್ತನೇ ಸಲ ಬೇಸರ ಬರುತ್ತೆ. ಐವತ್ತು ದಾಟಿದ ಮೇಲೆ ಮನುಷ್ಯ ಬಾರಿಸುವುದು ತಾಳಕ್ಕಲ್ಲ, ಗಾಜಿನ ಆಚೆ ಕೂತವರ ಮುಖಕ್ಕೆ. ಅವರು ತಲೆ ಆಡಿಸಿದರೋ ಇಲ್ಲವೋ ಅಂತ. ಆ ಸ್ಥಿತಿಯಲ್ಲಿ ಯಾರಿಂದಲಾದರೂ ಒಳ್ಳೆಯ ಏಟು ಬರುತ್ತಾ?

ಇಲ್ಲಿ ಒಂದು ವಿಷಯ ಹೇಳಲೇಬೇಕು. ಗೋಲ್ಡ್‌ಸ್ಮಿತ್ ಕೆಟ್ಟ ಡ್ರಮ್ಮರ್ ಅಲ್ಲ. ಸನ್ನಿ ಡೇ ರಿಯಲ್ ಎಸ್ಟೇಟ್‌ನ 1994ರ 'ಡೈರಿ' ಕೇಳಿದವರಿಗೆ ಗೊತ್ತು. ಅವನದ್ದು ಅಲೆಯ ಹಾಗೆ ಏರಿ ಇಳಿಯುವ ಕೈ, ಹಾಡು ಎತ್ತ ವಾಲಿದರೆ ಅತ್ತ ವಾಲುವುದು. ಗ್ರೋಲ್‌ನದ್ದು ಮೊಳೆ ಹೊಡೆಯುವ ಕೈ. ಪ್ರತಿ ಏಟೂ ಅದೇ ಜಾಗಕ್ಕೆ, ಅದೇ ಜೋರಿಗೆ. ಎರಡೂ ಬೇಕಾದ ಕೈಗಳೇ. ಆದರೆ ಹಾಡು ಬರೆದವನ ತಲೆಯೊಳಗೆ ಡ್ರಮ್ಸ್ ಆಗಲೇ ಬಾರಿಸಿ ಮುಗಿದಿತ್ತು, ಮತ್ತು ಆ ತಲೆ ಯಾರದ್ದು ಅಂತ ನೋಡಿ.

ಡಿಸೆಂಬರ್‌ನಲ್ಲಿ ಕ್ರಿಸ್ಮಸ್‌ಗೆ ಅಂತ ಬಿಡುವು ಕೊಟ್ಟರು. ಗ್ರೋಲ್ ತಾನು ಬೆಳೆದ ವರ್ಜೀನಿಯಾಕ್ಕೆ ಹೋದ. ಬೇರ್ ಕ್ರೀಕ್‌ನಲ್ಲಿ ಒಂದು ಟೇಕ್‌ಗೂ ಇನ್ನೊಂದಕ್ಕೂ ಮಧ್ಯೆ ಸುಮ್ನೆ ಕೈಯಾಡಿಸುತ್ತಿದ್ದಾಗ ಒಂದು ಗಿಟಾರ್ ತುಣುಕು ಸಿಕ್ಕಿತ್ತು, ಅದನ್ನು ಅಲ್ಲಿ ಕೂತು ಬೆಳೆಸಿದ. ಅದೇ 'ಎವರ್‌ಲಾಂಗ್'.

ಆ ತುಣುಕಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದನ್ನು ನುಡಿಸಿ ನೋಡದ ಗಿಟಾರ್ ಹುಡುಗರು ಬೆಂಗಳೂರಿನಲ್ಲೂ ಕಡಿಮೆ. ಮೊದಲು ಗಿಟಾರಿನ ಅತಿ ದಪ್ಪದ ತಂತಿ, ಅಂದರೆ ಆರನೆಯದು, ಅದನ್ನು ಸಡಿಲ ಮಾಡಬೇಕು. ಇ ಸ್ವರದಿಂದ ಡಿ ಸ್ವರದ ತನಕ ಇಳಿಸಬೇಕು. ಬಿರಡೆ ತಿರುಗಿಸುತ್ತ ಹೋದ ಹಾಗೆ ತಂತಿ ಸ್ವಲ್ಪ ಜೋಲು ಬೀಳುತ್ತೆ, ಮೀಟಿದರೆ ಮರದ ಮೈ ಅದುರಿ ಎದೆಗೆ ತಗಲುತ್ತೆ. ಆಮೇಲೆ ಕೆಳಗಿನ ತಂತಿಗಳ ಮೇಲೆ ಬೆರಳಿಟ್ಟರೆ ಬರುವ ಕಾರ್ಡ್, ಅಂದರೆ ಒಟ್ಟಿಗೆ ಕೇಳುವ ಸ್ವರಗಳ ಗುಂಪು, ಪೂರ್ತಿ ಸಂತೋಷದ್ದೂ ಅಲ್ಲ, ಪೂರ್ತಿ ದುಃಖದ್ದೂ ಅಲ್ಲ. ನಾನು ಮೊದಲ ಸಲ ಹಿಡಿದಾಗ ಬೆರಳು ತಪ್ಪಿದೆ ಅಂದುಕೊಂಡು ಮೂರು ಸಲ ಸರಿ ಮಾಡಿಕೊಂಡೆ. ತಪ್ಪಿರಲಿಲ್ಲ. ಆ ಕಾರ್ಡ್ ಇರುವುದೇ ಹಾಗೆ, ಎಲ್ಲೋ ಹೊರಟು ಬಾಗಿಲಲ್ಲಿ ನಿಂತವರ ಹಾಗೆ.

ಹಾಡು ಹುಟ್ಟಿದ್ದು ಮುರಿದ ಮದುವೆಯಿಂದಲ್ಲ. ಆಗ ಗ್ರೋಲ್‌ಗೆ ವೆರುಕಾ ಸಾಲ್ಟ್ ತಂಡದ ಗಾಯಕಿ ಲೂಯಿಸ್ ಪೋಸ್ಟ್ ಜೊತೆ ಹೊಸದಾಗಿ ಪ್ರೀತಿ ಶುರುವಾಗಿತ್ತು. ಒಂದು ಕಡೆ ಮನೆ ಬಿದ್ದಿದೆ, ಇನ್ನೊಂದು ಕಡೆ ಹೊಸದಕ್ಕೆ ಗುದ್ದಲಿ ಪೂಜೆ. ಇದು ಇಷ್ಟೇ ಚೆನ್ನಾಗಿ ಇರುತ್ತಾ, ಅನ್ನುವ ಹೆದರಿಕೆ ಆ ಹಾಡಿನ ತುಂಬ ಇದೆ. ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಲ್ಲ, ಹಾಗೆ. ಹಾಡಿನ ಹಿನ್ನೆಲೆಯಲ್ಲಿ ಕೇಳುವ ಲೂಯಿಸ್ ಪೋಸ್ಟ್ ದನಿ ರೆಕಾರ್ಡ್ ಆದದ್ದು ಶಿಕಾಗೋದಿಂದ, ಫೋನಿನಲ್ಲಿ. ಮಧ್ಯದಲ್ಲಿ ಗ್ರೋಲ್ ಏನೋ ಪಿಸುಗುಟ್ಟುತ್ತಾನೆ, ಒಂದರ ಮೇಲೊಂದು ಹಾಸಿದ ಪಿಸುಮಾತು. ಏನು ಅಂತ ಕಂಡುಹಿಡಿಯಲು ಜನ ಇವತ್ತಿಗೂ ಹೆಡ್‌ಫೋನ್ ಒತ್ತಿಕೊಂಡು ಕೂರುತ್ತಾರೆ. ನಾನೂ ಕೂತಿದ್ದೇನೆ. ಹೋಗಲಿ ಬಿಡಿ.

ಆ ರಜೆಯಲ್ಲೇ ವಾಷಿಂಗ್ಟನ್‌ನ ಒಂದು ಪುಟ್ಟ ಸ್ಟುಡಿಯೋಗೆ ಹೋಗಿ 'ಎವರ್‌ಲಾಂಗ್'ನ ಕರಡನ್ನೂ 'ವಾಕಿಂಗ್ ಆಫ್ಟರ್ ಯೂ' ಹಾಡನ್ನೂ ಒಬ್ಬನೇ ರೆಕಾರ್ಡ್ ಮಾಡಿದ. ಎಲ್ಲ ವಾದ್ಯವೂ ತಾನೇ, 1994ರ ಹಾಗೆ. 'ವಾಕಿಂಗ್ ಆಫ್ಟರ್ ಯೂ' ಅಂತೂ ಆ ರೂಪದಲ್ಲೇ ಆಲ್ಬಮ್‌ಗೆ ಹೋಯಿತು. ಮೆಲ್ಲನೆ ಬಾರಿಸಿದ ಡ್ರಮ್ಸ್, ಪಕ್ಕದ ಕೋಣೆಯವರಿಗೆ ಕೇಳಬಾರದು ಅನ್ನುವ ಹಾಗೆ ಹಾಡಿದ ದನಿ.

ನನ್ನ ಪ್ರಕಾರ ಪ್ರಕರಣದ ತಿರುವು ಇದೇ. ಇಲ್ಲಿಯ ತನಕ ಅವನು ಒಂದು ತಂಡ ನಡೆಸಲು ಒದ್ದಾಡುತ್ತಿದ್ದ. ಈ ಎರಡು ಹಾಡು ಮಾಡಿದ ಮೇಲೆ ಅವನ ಕೈಗೆ ಹಳೆಯ ರುಚಿ ಸಿಕ್ಕಿತು. ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಕಾಯಬೇಕಿಲ್ಲ, 96 ಸಲ ಯಾರಿಗೂ ವಿವರಿಸಬೇಕಿಲ್ಲ. ತಲೆಯಲ್ಲಿ ಇರುವುದು ನೇರ ಕೈಗೆ ಬರುತ್ತೆ. ಹೆಂಡತಿ ಜೊತೆ ಮಾತು ಮುರಿದ ಮನುಷ್ಯನಿಗೆ ಇದಕ್ಕಿಂತ ಹಿತ ಬೇರೆ ಏನಿದೆ?

1997ರ ಆರಂಭದಲ್ಲಿ ಹಾಲಿವುಡ್‌ನ ಗ್ರ್ಯಾಂಡ್ ಮಾಸ್ಟರ್ ಸ್ಟುಡಿಯೋದಲ್ಲಿ ಕೆಲಸ ಮತ್ತೆ ಶುರುವಾಯಿತು. ಮೊದಲಿಗೆ ಒಂದೆರಡು ಹಾಡಿನ ಡ್ರಮ್ಸ್ ಮಾತ್ರ ತಿದ್ದೋಣ ಅಂತ. ಗ್ರೋಲ್ ಕೂತು ಬಾರಿಸಿದ. ಚೆನ್ನಾಗಿ ಬಂತು. ಇನ್ನೊಂದು ಬಾರಿಸಿದ. ಅದೂ ಚೆನ್ನಾಗಿ ಬಂತು. ಡ್ರಮ್ಸ್ ಅಂದರೆ ಹಾಡಿನ ತಳಪಾಯ. ತಳಪಾಯ ಬದಲಾದರೆ ಮೇಲಿನ ಗೋಡೆಯನ್ನೂ ಮತ್ತೆ ಎಬ್ಬಿಸಬೇಕು, ಗಿಟಾರ್, ಬೇಸ್, ದನಿ ಎಲ್ಲ. ಹಾಗೆ ಹೋಗುತ್ತ ಹೋಗುತ್ತ ಇಡೀ ಆಲ್ಬಮ್ ಹೆಚ್ಚು ಕಡಿಮೆ ಹೊಸದಾಗಿ ಕಟ್ಟಿದ ಹಾಗಾಯಿತು. ಇದೆಲ್ಲ ನಡೆಯುವಾಗ ಗೋಲ್ಡ್‌ಸ್ಮಿತ್ ಹಾಲಿವುಡ್‌ನಲ್ಲೇ ಇರಲಿಲ್ಲ. ಅವನಿಗೆ ವಿಷಯ ಗೊತ್ತಾದದ್ದು ಗ್ರೋಲ್‌ನಿಂದಲೂ ಅಲ್ಲ, ಹಳೆಯ ಜೊತೆಗಾರ ಮೆಂಡೆಲ್‌ನಿಂದ.

ಇಲ್ಲಿ ನನಗೆ ಗ್ರೋಲ್ ಮೇಲೆ ಸಿಟ್ಟು ಬರುತ್ತೆ. ಡ್ರಮ್ಸ್ ಬದಲಾಯಿಸಿದ್ದಕ್ಕಲ್ಲ. ಅದು ಅವನ ಹಾಡು, ಅವನಿಗೆ ಬೇಕಾದ ಹಾಗೆ ಇರಬೇಕು, ಒಪ್ಪೋಣ. ಫೋನ್ ಮಾಡಿ ಹೇಳದೆ ಇದ್ದದ್ದಕ್ಕೆ. ಅದೇ ವರ್ಷ ಅದೇ ಮನುಷ್ಯ, ಒಂದು ಸಂಬಂಧ ಹೇಗೆ ಮಾತಿಲ್ಲದೆ ಸಾಯುತ್ತೆ ಅಂತ ಹಾಡಿನ ಮೇಲೆ ಹಾಡು ಬರೆಯುತ್ತಿದ್ದಾನೆ! ಬರೆಯುವುದು ಸುಲಭ ಅಂತ ಕಾಣುತ್ತೆ.

ಗೋಲ್ಡ್‌ಸ್ಮಿತ್‌ನನ್ನು ತೆಗೆದುಹಾಕುವ ಉದ್ದೇಶ ಗ್ರೋಲ್‌ಗೆ ಇರಲಿಲ್ಲ, ಇದನ್ನೂ ಹೇಳಬೇಕು. ಆಲ್ಬಮ್‌ನಲ್ಲಿ ನಾನು ಬಾರಿಸಿರುತ್ತೇನೆ, ಟೂರ್‌ಗೆ ನೀನೇ ಬಾ ಅಂತ ಕರೆದ. ಈ ಆಹ್ವಾನ ಎಂಥದ್ದು ನೋಡಿ. ನಾನು ಬಾರಿಸಿದ್ದನ್ನು ಕಲಿತುಕೊಂಡು ಬಂದು ದಿನಾ ರಾತ್ರಿ ನನ್ನ ಬೆನ್ನ ಹಿಂದೆ ಕೂತು ನಕಲು ಮಾಡು ಅಂದ ಹಾಗೆ. ಅವನು ಒಲ್ಲೆ ಅಂದ. ಬಿಟ್ಟು ಹೋದ. ಅದೇ ವರ್ಷ ಸನ್ನಿ ಡೇ ರಿಯಲ್ ಎಸ್ಟೇಟ್ ಮತ್ತೆ ಒಂದಾಯಿತು, ಅಲ್ಲಿಗೆ ಹೋಗಿ ಕೂತ.

2011ರಲ್ಲಿ ತಂಡದ ಬಗ್ಗೆ 'ಬ್ಯಾಕ್ ಅಂಡ್ ಫೋರ್ತ್' ಅನ್ನುವ ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಈ ಗಾಯವನ್ನು ಎರಡೂ ಕಡೆಯಿಂದ ಬಿಚ್ಚಿ ತೋರಿಸಿದ್ದಾರೆ. ಸರಿ ಹೋಗದೇ ಇದ್ದದ್ದಕ್ಕೆ ಹಲವು ಕಾರಣ ಇದ್ದವು, ಆದರೆ ಡ್ರಮ್ಸ್ ಬಾರಿಸುವುದು ತನಗೆ ಇನ್ನೂ ಮುಗಿದಿರಲಿಲ್ಲವೇನೋ ಅನ್ನುವ ಅರ್ಥದ ಮಾತನ್ನು ಗ್ರೋಲ್ ಆ ಸುಮಾರಿಗೆ ಹೇಳಿದ್ದಾನೆ. ನನಗೆ ಈ ಇಡೀ ಕಥೆಯಲ್ಲಿ ಅತಿ ಪ್ರಾಮಾಣಿಕ ಅನಿಸಿದ ಮಾತು ಅದು. ಎದ್ದು ಬಂದ ಕುರ್ಚಿಯ ಮೇಲೆ ಇನ್ನೂ ಕಣ್ಣಿತ್ತು.

ಈಗ ಆಲ್ಬಮ್‌ಗೇ ಬರೋಣ. ಕಹಿ ಎಲ್ಲಿದೆ ಅಂತ ಹುಡುಕುವುದಿದ್ದರೆ ಎರಡನೇ ಹಾಡಿನಿಂದ ಶುರು ಮಾಡಬೇಕು. ಮೊದಲನೆಯದು 'ಡಾಲ್', ಒಂದೂವರೆ ನಿಮಿಷವೂ ಇಲ್ಲ, ಜೋಗುಳದ ಹಾಗೆ ಮೆತ್ತಗೆ ಬಂದು ಹೋಗುತ್ತೆ. ಅದು ಮುಗಿದ ತಕ್ಷಣ 'ಮಂಕಿ ರೆಂಚ್' ಬಾಗಿಲು ಒದ್ದುಕೊಂಡು ಒಳಗೆ ಬರುತ್ತೆ. ರೆಂಚ್ ಅಂದರೆ ನಮ್ಮ ಗ್ಯಾರೇಜುಗಳಲ್ಲಿ ಪಾನ ಅಂತೀವಲ್ಲ, ಅದು. ಓಡುತ್ತಿರುವ ಯಂತ್ರದೊಳಗೆ ಪಾನ ಬಿದ್ದರೆ ಯಂತ್ರ ಕೆಟ್ಟು ನಿಲ್ಲುತ್ತೆ. ನಾವಾದರೆ ಸಂಸಾರಕ್ಕೆ ಕಲ್ಲು ಹಾಕಿದ ಅನ್ನುತ್ತಿದ್ದೆವು. ಸ್ವಾರಸ್ಯ ಏನೆಂದರೆ ಇಲ್ಲಿ ಕಲ್ಲು ಹಾಕಿದವನು ಹಾಡುತ್ತಿರುವವನೇ. ಸಂಬಂಧದಲ್ಲಿ ಆಗುತ್ತಿರುವ ಎಲ್ಲ ತೊಂದರೆಗೂ ತಾನೇ ಕಾರಣ ಅಂತ ಗೊತ್ತಾದವನು, ಅವಳ ಮೇಲಿನ ಪ್ರೀತಿಗೇ ಅವಳನ್ನು ಬಿಟ್ಟುಕೊಡಲು ನೋಡುವವನು, ಇದು ಅಂಥವನ ಹಾಡು ಅಂತ ಗ್ರೋಲ್ ಹೇಳಿದ್ದಾನೆ. ಆದರೆ ಕೇಳಿ ನೋಡಿ, ಬಿಟ್ಟುಕೊಡುವವನ ದನಿ ಅದಲ್ಲ. ಹಾಡಿನ ಕೊನೆಯ ಭಾಗದಲ್ಲಿ ಉಸಿರು ಬಿಡದೆ ಒಂದೇ ಸಮನೆ ಕಿರುಚಿಕೊಂಡು ಹೋಗುತ್ತಾನಲ್ಲ, ಆ ಕಡೆ ತುದಿ ಮುಟ್ಟುವಷ್ಟರಲ್ಲಿ ಕೇಳುವವರಿಗೇ ಉಸಿರು ಕಟ್ಟುತ್ತೆ. ಮಾತಿನಲ್ಲಿ ಕ್ಷಮೆ ಇದೆ, ಗಂಟಲಿನಲ್ಲಿ ಸಿಟ್ಟಿದೆ. ಕೈಯಲ್ಲಂತೂ, ಅಂದರೆ ಡ್ರಮ್ಸ್‌ನಲ್ಲಿ, ಬರೀ ಸಿಟ್ಟು.

'ಎವರ್‌ಲಾಂಗ್'ನಲ್ಲೂ ಅಷ್ಟೆ. ಪ್ರೀತಿಯ ಹಾಡು, ಮೆಲ್ಲಗಿನ ದನಿ. ಕೆಳಗೆ ಮಾತ್ರ ಹೈ-ಹ್ಯಾಟ್, ಅಂದರೆ ಆ ಜೋಡಿ ತಟ್ಟೆ, ನಿಲ್ಲದೆ ಚಡಪಡಿಸುತ್ತಿರುತ್ತೆ. ಎರಡೂ ಕೈಯಲ್ಲಿ, ಸೆಕೆಂಡಿಗೆ ಹತ್ತರ ಹತ್ತಿರ ಏಟು. ಮೇಜಿನ ಮೇಲೆ ಎರಡು ಬೆರಳಿನಿಂದ ಅರ್ಧ ನಿಮಿಷ ಹಾಗೆ ತಟ್ಟಿ ನೋಡಿ, ಮೊಣಕೈ ಹಿಡಿದುಕೊಳ್ಳುತ್ತೆ. ನಾಲ್ಕು ನಿಮಿಷದ ಹಾಡು ಅದು. ಡ್ರಮ್ಸ್ ತೆಗೆದು ಬರೀ ಗಿಟಾರಿನಲ್ಲಿ ಹಾಡಿದರೆ ಅದೇ ಹಾಡು ಎಷ್ಟು ಶಾಂತವಾಗಿರುತ್ತೆ ಅಂತ ಗ್ರೋಲ್ ತಾನೇ 1998ರಲ್ಲಿ ಒಂದು ರೇಡಿಯೋ ಕಾರ್ಯಕ್ರಮದಲ್ಲಿ ತೋರಿಸಿದ. ಆ ರೂಪ ಕೇಳಿದ ಮೇಲೆ ಮತ್ತೆ ಆಲ್ಬಮ್‌ಗೆ ಬಂದರೆ ಗೊತ್ತಾಗುತ್ತೆ, ಎದೆ ಬಡಿದುಕೊಳ್ಳುತ್ತಿರುವುದು ಎಲ್ಲಿ ಅಂತ.

ಎಲ್ಲ ಹಾಡನ್ನೂ ವಿಚ್ಛೇದನದ ಲೆಕ್ಕಕ್ಕೆ ಬರೆಯುವ ಚಾಳಿ ಒಂದಿದೆ, ಅದು ತಪ್ಪು. 'ಮೈ ಹೀರೋ', 'ಎನಫ್ ಸ್ಪೇಸ್' ಇವನ್ನೆಲ್ಲ ತಂಡ 1995ರಲ್ಲೇ ವೇದಿಕೆ ಮೇಲೆ ನುಡಿಸುತ್ತಿತ್ತು. 'ಮೈ ಹೀರೋ' ಸಾಮಾನ್ಯ ಜನರ ಬಗ್ಗೆ ಬರೆದ ಹಾಡು, ಅದಕ್ಕೂ ಹೆಂಡತಿಗೂ ಸಂಬಂಧ ಇಲ್ಲ. ಹಳೆಯದನ್ನೂ ಹೊಸದನ್ನೂ ಒಂದು ಕಥೆ ಮಾಡಿದ್ದು ಜೋಡಿಸಿದ ಕ್ರಮ. ಮಾನಸಿಕ ಸಲಹೆಗಾರರ ಹತ್ತಿರ ಹೋಗಿ ಕೂತಾಗ ಮನುಷ್ಯ ಒಂದು ಸಲ ಸಿಡುಕಿ ಒಂದು ಸಲ ಸೊರಗಿ ಮಾತಾಡುತ್ತಾನಲ್ಲ, ಹಾಡುಗಳು ಹಾಗೆ ಬರಬೇಕು ಅಂತ ಗ್ರೋಲ್ ಜೋಡಿಸಿದ. ಜೋರು, ಮೆಲ್ಲಗೆ, ಮತ್ತೆ ಜೋರು. ಕೊನೆಗೆ 'ನ್ಯೂ ವೇ ಹೋಮ್', ಮನೆಗೆ ಹೊಸ ದಾರಿ. ಮಧ್ಯದಲ್ಲಿ 'ಸೀ ಯೂ' ಅಂತ ಒಂದು ಕುಣಿದಾಡುವ ಹಾಡಿದೆ, ನನಗೆ ಅದು ಅಲ್ಲಿ ಯಾಕಿದೆ ಅಂತ ಇವತ್ತಿಗೂ ಅರ್ಥ ಆಗಿಲ್ಲ. ತಿಥಿ ಮನೆಯಲ್ಲಿ ಯಾರೋ ಸಿಳ್ಳೆ ಹಾಕಿದ ಹಾಗಿದೆ. ಇರಲಿ, ತಿಥಿ ಮನೆಯಲ್ಲಿ ಸಿಳ್ಳೆ ಹಾಕುವವರೂ ಇರುತ್ತಾರೆ.

ಆಲ್ಬಮ್ ಹೆಸರಿಗೂ ಈ ಸಂಕಟಕ್ಕೂ ಸಂಬಂಧವೇ ಇಲ್ಲ. ತಂಡದ ಟೂರ್ ಮ್ಯಾನೇಜರ್‌ಗೆ ಹಳೆ ಸಾಮಾನಿನ ಅಂಗಡಿಗಳಲ್ಲಿ ಕಂಡದ್ದನ್ನು ಕೊಳ್ಳುವ ಹುಚ್ಚು. ಒಂದು ಸಲ ಕೆಂಪು ಬಿಳಿ ಪಟ್ಟೆಯ ಬೌಲಿಂಗ್ ಪಿನ್ ತಂದ. ಇದ್ಯಾಕಪ್ಪ ಅಂತ ಕೇಳಿದರೆ, ಬಣ್ಣ ಮತ್ತೆ ಆಕಾರ ಇಷ್ಟ ಆಯ್ತು ಅಂದನಂತೆ. ಅಷ್ಟೇ ಕಥೆ.

ಆಲ್ಬಮ್ ಓಡಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 10ನೇ ಸ್ಥಾನ, ಇಂಗ್ಲೆಂಡಿನಲ್ಲಿ 3. ಅಮೆರಿಕ ಒಂದರಲ್ಲೇ 20 ಲಕ್ಷಕ್ಕೂ ಜಾಸ್ತಿ ಮಾರಾಟ. ಟಿವಿ ನಿರೂಪಕ ಡೇವಿಡ್ ಲೆಟರ್‌ಮನ್ ಹೃದಯದ ಆಪರೇಷನ್ ಮುಗಿಸಿ 2000ದಲ್ಲಿ ಕೆಲಸಕ್ಕೆ ಮರಳಿದಾಗ 'ಎವರ್‌ಲಾಂಗ್' ನುಡಿಸಲು ಇವರನ್ನೇ ಕರೆಸಿದ, 2015ರಲ್ಲಿ ತನ್ನ ಕೊನೆಯ ಕಾರ್ಯಕ್ರಮವನ್ನೂ ಅದೇ ಹಾಡಿನಿಂದ ಮುಗಿಸಿದ. ಆ ಕೊನೆಯ ದಿನ ಮೇ 20, ಆಲ್ಬಮ್ ಹೊರಬಂದು ಸರಿಯಾಗಿ 18 ವರ್ಷ.

ತಂಡ ಮಾತ್ರ ಸೋರಿಹೋಗುತ್ತಿತ್ತು. ಡ್ರಮ್ಮರ್ ಬೇಕು, ಯಾರಾದರೂ ಗೊತ್ತಾ ಅಂತ ಗ್ರೋಲ್ ಟೇಲರ್ ಹಾಕಿನ್ಸ್‌ಗೆ ಫೋನ್ ಮಾಡಿದ. ಅವನಾಗ ಗಾಯಕಿ ಅಲಾನಿಸ್ ಮಾರಿಸೆಟ್ ಜೊತೆ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಬಾರಿಸುತ್ತಿದ್ದವನು, ನಾನೇ ಬರ್ತೀನಿ ಅಂದ. 'ಮಂಕಿ ರೆಂಚ್' ವಿಡಿಯೋದಲ್ಲಿ ಡ್ರಮ್ಸ್ ಹಿಂದೆ ಕೂದಲು ಹಾರಿಸುತ್ತ ಕಾಣುವವನು ಹಾಕಿನ್ಸ್, ಕೇಳುವ ಏಟು ಗ್ರೋಲ್‌ನದ್ದು, ಆ ಹಾಡಿಗೆ ಮೊದಲು ಕೂತು ಬೆವರು ಸುರಿಸಿದವನು ಗೋಲ್ಡ್‌ಸ್ಮಿತ್. ಒಂದು ಕುರ್ಚಿ, ಮೂರು ಜನ. ಸೆಪ್ಟೆಂಬರ್‌ನಲ್ಲಿ ಎಂಟಿವಿ ಪ್ರಶಸ್ತಿ ಸಮಾರಂಭದ ದಿನ ಪ್ಯಾಟ್ ಸ್ಮಿಯರ್ ಕೂಡ ನಾನು ಹೊರಟೆ ಅಂತ ನೇರ ಪ್ರಸಾರದಲ್ಲೇ ಹೇಳಿ, ತನ್ನ ಜಾಗಕ್ಕೆ ಬರುವ ಫ್ರಾಂಜ್ ಸ್ಟಾಲ್‌ನನ್ನು ಪರಿಚಯ ಮಾಡಿಸಿ ಹೋದ. ಮುರಿದ ಸಂಬಂಧದ ಬಗ್ಗೆ ಆಲ್ಬಮ್ ಮಾಡಿದ ನಾಲ್ವರಲ್ಲಿ ವರ್ಷ ಮುಗಿಯುವಷ್ಟರಲ್ಲಿ ಉಳಿದವರು ಇಬ್ಬರು.

ಈ ಪ್ರಕರಣವನ್ನು ಒಬ್ಬ ಸಿಟ್ಟಿನ ಯಜಮಾನನ ಕಥೆ ಅಂತ ಮುಗಿಸಬಹುದಿತ್ತು. ಆದರೆ ಆಮೇಲೆ ನಡೆದದ್ದನ್ನು ನೋಡಿದರೆ ಅಷ್ಟು ಸಲೀಸಾಗಿ ಬಿಡಲು ಆಗುವುದಿಲ್ಲ. 1999ರ ಮುಂದಿನ ಆಲ್ಬಮ್‌ನಲ್ಲೂ ಕೆಲವು ಹಾಡಿಗೆ ಗ್ರೋಲೇ ಬಾರಿಸಿದ, ಆದರೆ ಹಾಕಿನ್ಸ್ ಎದ್ದು ಹೋಗಲಿಲ್ಲ. ಮುಂದೆ ಕುರ್ಚಿ ಪೂರ್ತಿ ಅವನದ್ದಾಯಿತು, 25 ವರ್ಷ ಕೂತ. 2022ರ ಮಾರ್ಚ್ 25ರಂದು ಟೂರ್ ಮಧ್ಯೆ ಕೊಲಂಬಿಯಾದ ಬೊಗೊಟಾದಲ್ಲಿ ಸತ್ತ. ಆ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ನೆನಪಿನ ಕಾರ್ಯಕ್ರಮದಲ್ಲಿ ಹಾಕಿನ್ಸ್‌ನ ಮಗ ಬಂದು 'ಮೈ ಹೀರೋ'ಗೆ ಡ್ರಮ್ಸ್ ಬಾರಿಸಿದ. ಆ ಹುಡುಗನ ಮುಖ ಒಂದು ಸಲ ನೋಡಿ ಬೇಕಿದ್ದರೆ, ನಾನು ಎರಡನೇ ಸಲ ನೋಡಲಿಲ್ಲ.

2023ರಲ್ಲಿ ಹೊಸ ಆಲ್ಬಮ್ ಬಂತು. ಡ್ರಮ್ಸ್ ಯಾರದ್ದು ಗೊತ್ತಾ? ಗ್ರೋಲ್‌ನದ್ದೇ.

ಮೂರು ಸಲ ಆಯ್ತು ನೋಡಿ. 1994ರಲ್ಲಿ ಗೆಳೆಯ ಸತ್ತಾಗ, 1997ರಲ್ಲಿ ಮನೆ ಮುರಿದಾಗ, 2023ರಲ್ಲಿ ಇನ್ನೊಬ್ಬ ಗೆಳೆಯ ಸತ್ತ ಮೇಲೆ. ಏಟು ಬಿದ್ದಾಗಲೆಲ್ಲ ಆ ಮನುಷ್ಯ ಹೋಗಿ ಕೂರುವುದು ಅಲ್ಲೇ. ಹಳ್ಳಿಯಲ್ಲಿ ಕೆಲವರು ದುಃಖ ಆದಾಗ ಯಾರಿಗೂ ಹೇಳದೆ ಸೌದೆ ಒಡೆಯಲು ಹೋಗುತ್ತಾರಲ್ಲ, ಹಾಗೆ. ಮೊದಲನೇ ಸಲ ಅಲ್ಲಿ ತಂಡವೇ ಇರಲಿಲ್ಲ. ಮೂರನೇ ಸಲ ಕುರ್ಚಿ ಖಾಲಿ ಬಿದ್ದಿತ್ತು. ಎರಡನೇ ಸಲ ಮಾತ್ರ ಅದರ ಮೇಲೆ ಒಬ್ಬ ಕೂತಿದ್ದ.

ಆ ಒಬ್ಬನ ಗುರುತು ಆಲ್ಬಮ್‌ನಲ್ಲಿ ಪೂರ್ತಿ ಅಳಿದಿಲ್ಲ. 'ಡಾಲ್'ನಲ್ಲಿ ಇರುವ ಸ್ವಲ್ಪ ಡ್ರಮ್ಸ್ ಗೋಲ್ಡ್‌ಸ್ಮಿತ್‌ನದ್ದು. ಇನ್ನೊಂದು ಜಾಗ ಆರನೇ ಹಾಡು, 'ಅಪ್ ಇನ್ ಆರ್ಮ್ಸ್'. ಎರಡು ನಿಮಿಷದ ಪುಟ್ಟ ಹಾಡು. ನಿಧಾನವಾಗಿ ಶುರುವಾಗುತ್ತೆ, ಆ ನಿಧಾನದ ಭಾಗಕ್ಕೆ ಬಾರಿಸಿರುವವನು ಅವನೇ. ಅವಸರ ಇಲ್ಲ, ಪ್ರತಿ ಏಟಿಗೂ ಹಿಂದೆ ಸ್ವಲ್ಪ ಜಾಗ ಬಿಟ್ಟು, ಹಾಡುವವನ ದನಿಗೆ ಆತುಕೊಂಡು ಬರುತ್ತಾನೆ. ಹಾಡು ಒಂದು ಕ್ಷಣ ಸಡಿಲ ಆಗುತ್ತೆ. ಆಮೇಲೆ ಇದ್ದಕ್ಕಿದ್ದಂತೆ ವೇಗ ದುಪ್ಪಟ್ಟಾಗಿ ಡ್ರಮ್ಸ್ ಧಡಧಡ ಅಂತ ನುಗ್ಗುತ್ತೆ, ಆ ಹೊತ್ತಿಗೆ ಕೋಲು ಗ್ರೋಲ್ ಕೈಯಲ್ಲಿ. ಹೊಲಿಗೆ ಎಲ್ಲಿದೆ ಅಂತ ಮೊದಲ ಸಲ ಗೊತ್ತಾಗುವುದಿಲ್ಲ. ಹೆಡ್‌ಫೋನ್ ಹಾಕಿ, ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿ ಎರಡನೇ ಸಲ ಕೇಳಿ, ಒಬ್ಬ ಎದ್ದು ಇನ್ನೊಬ್ಬ ಕೂತದ್ದು ಕೇಳಿಸುತ್ತೆ.